ಕಾಲು ತೊಳೆದು ನುಡಿಸುವ ಗಿಟಾರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಬಂತು. ಅಲ್ಲಿಯವರೆಗೆ ನಡೆದದ್ದೆಲ್ಲ ಬರೀ ವ್ಯಾಪಾರದ ಮಾತು. ಸಮಯ ಇಷ್ಟು ನಿಖರವಾಗಿ ನೆನಪಿರುವುದಕ್ಕೆ ಕಾರಣವಿದೆ. ಖಾನಾಪುರದಲ್ಲಿ ಮೂರಕ್ಕೆ ಬರಬೇಕಿದ್ದ ಕರೆಂಟು ಅವತ್ತು ತಡವಾಗಿತ್ತು. ಬೆಳಗಾವಿಯಿಂದ ಬಂದಿದ್ದ ವ್ಯಾಪಾರಿ ಮತ್ತೆ ಮತ್ತೆ ಗೋಡೆಯ ಗಡಿಯಾರ ನೋಡಿ ನಾಲಿಗೆ ಲೊಚಗುಟ್ಟುತ್ತಿದ್ದ. ಅವನು ನೋಡಿದಾಗಲೆಲ್ಲ ನಾನೂ ನೋಡುತ್ತಿದ್ದೆ.

ಎರಡು ಸಾವಿರನೇ ಇಸವಿ, ಸಂಕ್ರಮಣ ಕಳೆದ ಮೇಲಿನ ಒಂದು ಭಾನುವಾರ. ನಾನು ಬಿ.ಕಾಂ. ಮುಗಿಸಿ ಉದ್ಯಮಬಾಗದ ಒಂದು ಎಂಜಿನಿಯರಿಂಗ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅವ್ವನ ಜೊತೆ ಬೆಳಗಾವಿಯಲ್ಲಿ ಬಾಡಿಗೆ ಮನೆ. ಖಾನಾಪುರದಲ್ಲಿದ್ದದ್ದು ಅವ್ವನ ಅಣ್ಣ, ನನ್ನ ಸೋದರಮಾವ. ಅವನು ತನ್ನ ಪೆಡಲ್ ಸ್ಟೀಲ್ ಗಿಟಾರನ್ನು ಮಾರಲು ಹೊರಟಿದ್ದ. "ನೀ ಕಲತಾಕಿ ಅದಿ. ಸುಮ್ಮನ ಬಾಜೂಕ ಕುಂದರ್ ಬಾ, ಅಂವ ಬಾಯಿಗೆ ಬಂದಂಗ ಮಾತಾಡೂದಿಲ್ಲ" ಎಂದು ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ಕರೆಸಿಕೊಂಡಿದ್ದ.

ಹವಾಯಿನ್ ಗಿಟಾರನ್ನು ಬಹಳ ಜನ ನೋಡಿದ್ದಾರೆ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರು. ಪೆಡಲ್ ಸ್ಟೀಲ್ ಅಂದರೆ ಅದೇ ಗಿಟಾರಿಗೆ ನಾಲ್ಕು ಕಾಲು ಬಂದು ಮೇಜಿನಂತೆ ನಿಂತದ್ದು. ಮೇಲೆ ಹತ್ತು ತಂತಿ. ಕೆಳಗೆ ಹೊಲಿಗೆ ಯಂತ್ರದಲ್ಲಿರುವಂತೆ ಪಾದದಿಂದ ಒತ್ತುವ ಪೆಡಲುಗಳು. ಮೊಣಕಾಲಿನಿಂದ ನೂಕುವ ಸನ್ನೆಕೋಲುಗಳು. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳುಗಳಲ್ಲಿ ಮೀಟು. ಪೆಡಲು ಒತ್ತಿದರೆ ಗಿಟಾರಿನ ಹೊಟ್ಟೆಯೊಳಗಿನ ಸರಳುಗಳು ತಂತಿಯನ್ನು ಎಳೆದು ಸ್ವರ ಏರುತ್ತದೆ. ಹುಡುಗನಾಗಿದ್ದಾಗಿನಿಂದ ಹವಾಯಿನ್ ಗಿಟಾರು ನುಡಿಸುತ್ತಿದ್ದ ಮಾಮ ಗೋವೆಯ ಒಂದು ಹೋಟೆಲಿನಲ್ಲಿ ಕೆಲವು ವರ್ಷ ಸಂಜೆ ನುಡಿಸುವ ಕೆಲಸಕ್ಕಿದ್ದ. ಅಲ್ಲಿ ಬಂದಿದ್ದ ಪರದೇಶದವನೊಬ್ಬ ವಿಮಾನಕ್ಕೆ ಭಾರವಾಗುತ್ತದೆಂದು ಈ ವಾದ್ಯವನ್ನು ಮಾಮನಿಗೆ ಬಿಟ್ಟುಹೋದ. ಮಾಮ ಅದನ್ನು ಲಾರಿಯಲ್ಲಿ ಘಟ್ಟ ಹತ್ತಿಸಿ ಖಾನಾಪುರಕ್ಕೆ ತಂದ. ಅತ್ತೆ ಅದಕ್ಕೆ ನಾಲ್ಕು ಕಾಲಿನ ಸವತಿ ಎಂದು ಹೆಸರಿಟ್ಟಳು.

ಅತ್ತೆಯ ನಿಜವಾದ ಸಿಟ್ಟು ಬೇರೆಯದಾಗಿತ್ತು. ನಮ್ಮಲ್ಲಿ ವಾದ್ಯಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಇದನ್ನು ನುಡಿಸಬೇಕಾದರೆ ಕಾಲಿನಿಂದ ತುಳಿಯಲೇಬೇಕು. ಮೊದಲ ದಿನ ಮಾಮ ಚಪ್ಪಲಿ ಹಾಕಿಕೊಂಡು ಪೆಡಲು ಒತ್ತಿದ್ದನ್ನು ನೋಡಿ ಅತ್ತೆ ಊಟ ಬಿಟ್ಟಳಂತೆ. ಕಡೆಗೆ ಮನೆಯ ಹಿರಿಯರು ಒಂದು ದಾರಿ ಹೇಳಿದರು: ಕಾಲು ತೊಳೆದುಕೊಂಡು, ಬರಿಗಾಲಲ್ಲಿ, ಕ್ಷಮೆ ಕೇಳಿ ಕುಳಿತುಕೊಳ್ಳಲಿ. ಅಂದಿನಿಂದ ಮಾಮ ಹಾಗೇ ಮಾಡಿಕೊಂಡು ಬಂದ. ಬಚ್ಚಲಲ್ಲಿ ಕಾಲು ತೊಳೆದು ಬರುವುದು, ಬಗ್ಗಿ ಪೆಡಲುಗಳನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಆಮೇಲೆ ಹಸಿ ಪಾದವನ್ನು ಮೆಲ್ಲಗೆ ಊರುವುದು. ಚಿಕ್ಕವಳಿದ್ದಾಗ ಎಲ್ಲರೂ ಈ ವಾದ್ಯವನ್ನು ಹೀಗೇ ನುಡಿಸುತ್ತಾರೆಂದು ತಿಳಿದಿದ್ದೆ.

ಈಗ ಮಾಮನ ಮೊಣಕಾಲು ಸನ್ನೆ ನೂಕಲು ಒಲ್ಲೆ ಎನ್ನುತ್ತಿದ್ದವು. ನುಡಿಸುವವರ ಕೈಗೆ ಹೋಗಲಿ ಎಂದು ಮಾರಲು ಒಪ್ಪಿದ. ಆದರೆ ಅವನ ಎದೆಯಲ್ಲಿ ಇನ್ನೊಂದು ಮಾತಿತ್ತು. ಅತ್ತೆ ಸವತಿ ಎಂದು ಹಂಗಿಸಿದಾಗಲೆಲ್ಲ ಅವನು ಹೇಳುತ್ತಿದ್ದದ್ದು ಒಂದೇ: "ಇದರ ಕಿಮ್ಮತ್ತಿನ್ಯಾಗ ಒಂದು ಟ್ರ್ಯಾಕ್ಟರ್ ಬರತೈತಿ, ಗೊತ್ತೈತೇನ ನಿನಗ?" ಅತ್ತೆ ಎಂದೂ ನಂಬಲಿಲ್ಲ. ಹೋಟೆಲಿನ ಕೆಲಸ ಬಿಟ್ಟು ಬಂದ ಮೇಲೆ ಮದುವೆಗಳಲ್ಲಿ ನುಡಿಸಿ, ಹುಡುಗರಿಗೆ ಕಲಿಸಿ ಹೇಗೋ ಬದುಕಿದ ಮಾಮನಿಗೆ ತಾನು ದಡ್ಡನಲ್ಲ ಎಂದು ತೋರಿಸಲು ಉಳಿದದ್ದು ಆ ಮಾತೊಂದೇ. ಅವತ್ತು ಹೊರಗಿನವನೊಬ್ಬ ಬಂದು ಅದು ಖರೆಯೋ ಸುಳ್ಳೋ ಹೇಳುವವನಿದ್ದ.

ಬಂದವನು ಹಳೆಯ ವಾದ್ಯ, ಸ್ಪೀಕರುಗಳನ್ನು ಕೊಂಡು ಮಾರುವವನು. ದುಂಡಗಿನ ನಗುಮುಖ, ದಪ್ಪ ರಬ್ಬರಿನ ಬೂಟು. ಹೊಸ್ತಿಲಲ್ಲಿ ಅತ್ತೆ, "ಬೂಟು ಅಲ್ಲೇ ಬಿಡ್ರಿ, ಒಳಗ ಪೂಜಾ ಮಾಡೇನಿ" ಎಂದಳು. ಅವಳು ಬೆಳಿಗ್ಗೆಯೇ ಫರಸಿ ಒರೆಸಿ, ಸವತಿಯ ಹಣೆಗೂ ಕುಂಕುಮ ಇಟ್ಟಿದ್ದಳು. ವ್ಯಾಪಾರಿ, "ವೈನಿ, ನನ್ನ ಕಾಲಿಗೆ ಗಾಯ ಆಗೇತಿ ನೋಡ್ರಿ, ಮಾಫ್ ಮಾಡ್ರಿ" ಎಂದು ನಗುತ್ತ ಬೂಟುಗಾಲಲ್ಲೇ ಒಳಗೆ ಬಂದ. ಕುಂಟುತ್ತಿರಲಿಲ್ಲ.

ತಪಾಸಣೆ ಶುರುವಾಯಿತು. ಅವನಿಗೆ ಕೆಲಸ ಗೊತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಗಿಟಾರನ್ನು ಬೋರಲು ಹಾಕಿಸಿ ಒಳಗಿನ ಸರಳುಗಳನ್ನು ಒಂದೊಂದಾಗಿ ಎಳೆದು ನೋಡಿದ. ತಂತಿಗಳು ಬಾಗುವ ಕಡೆ ಲೋಹ ಸವೆದು ಗೆರೆ ಬಿದ್ದಿದೆಯೇ ಎಂದು ಉಗುರು ಆಡಿಸಿದ. ಕಟ್ಟಿಗೆಯ ಮೈಯನ್ನು ಗೆಣ್ಣಿನಿಂದ ಬಡಿದು ಕಿವಿ ಹಚ್ಚಿದ. ಪ್ರತಿಯೊಂದು ಕಡೆಯೂ ಮೊದಲು ಅವನ ಕಣ್ಣು ಅರಳುತ್ತಿತ್ತು, ಆಮೇಲೆ ಬಾಯಿ ಸೊಟ್ಟಗಾಗುತ್ತಿತ್ತು.

"ಮಾಸ್ತರ, ಇಲ್ಲೆ ಕಟಗಿ ಬಿರಿಕು ಬಿಟ್ಟೈತಿ."

"ಅದು ಬಿರಿಕಲ್ರೀ, ಬಣ್ಣದ ಗೀರು."

"ಬಣ್ಣ ಹೋತಂದ್ರ ಅರ್ಧಾ ಕಿಮ್ಮತ್ತು ಹೋತು. ಮತ್ತ ಇದಕ್ಕ ಸ್ಪೇರ್ ಎಲ್ಲಿ ತರೂಣು? ಅಮೇರಿಕಾಕ್ಕ ಬಸ್ಸ ಹಿಡಿಯೂಣೇನು?"

ತಾನೇ ನಕ್ಕ. ನಗುತ್ತಲೇ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಗಿಟಾರಿನ ಮುಂಭಾಗದಲ್ಲಿ ಕಂಪನಿಯ ಹೆಸರಿದ್ದ ಲೋಹದ ಪಟ್ಟಿಯನ್ನು ತಿಕ್ಕತೊಡಗಿದ. ಗುಟ್ಕಾದ ಕೆಂಪು ಎಂಜಲು. ಅತ್ತೆ ಇಟ್ಟ ಕುಂಕುಮ ಅದರಲ್ಲಿ ಕಲೆಸಿ ಪಟ್ಟಿಯ ತುಂಬ ಹರಡಿತು. ಪಟ್ಟಿಯ ಅಕ್ಷರ ಓದಿದವನೇ ತಿಕ್ಕುವುದನ್ನು ನಿಲ್ಲಿಸಿ ಇನ್ನೊಮ್ಮೆ ಓದಿದ. ಆಮೇಲೆ ಆ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ, ಅದೇ ಕೈಯಿಂದ ಅತ್ತೆ ಕೊಟ್ಟ ಅವಲಕ್ಕಿ ತಿಂದ. ನಾನು ನನ್ನ ತಟ್ಟೆಯನ್ನು ಕೆಳಗಿಟ್ಟೆ.

"ಖರೇ ಹೇಳ್ಲಾ ಮಾಸ್ತರ? ಒಂದು ಹಳೇ ಸೈಕಲ್ಲಿನ ಕಿಮ್ಮತ್ತು ಕೊಡಬೌದು. ಅದೂ ನಿಮ್ಮ ಮಾರಿ ನೋಡಿ."

ಅತ್ತೆ ಮಾಮನ ಕಡೆ ನೋಡಿದಳು. "ಟ್ರ್ಯಾಕ್ಟರ್ ಹೋಗಿ ಸೈಕಲ್ ಆತು" ಎಂದಳು, ಮೆಲ್ಲಗೆ. ಮಾಮನ ಕಿವಿ ಕೆಂಪಾದವು. "ದನಿ ಕೇಳ್ರಿ. ದನಿ ಕೇಳದ ಕಿಮ್ಮತ್ತು ಹೇಳಬ್ಯಾಡ್ರಿ" ಎಂದ.

ದನಿ ಕೇಳಿಸಲು ಆಂಪ್ಲಿಫೈಯರ್ ಬೇಕು. ಮಾಮನದು ಸುಟ್ಟುಹೋಗಿ ವರ್ಷವಾಗಿತ್ತು, ವ್ಯಾಪಾರಿ ತನ್ನದನ್ನು ವ್ಯಾನಿನಲ್ಲಿ ತಂದಿದ್ದ. ತಗಡಿನ ಮೋರೆಯ ದೊಡ್ಡ ಪೆಟ್ಟಿಗೆ. ಅದರ ಗುಂಡಿಗಳನ್ನು ತಿರುಗಿಸುವಾಗ ಅವನು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡ. ಎಂಜಲ ಕೈಯವನಿಗೆ ಇದೆಂಥ ಶುಚಿ ಎಂದು ನನಗೆ ಆಶ್ಚರ್ಯವಾಯಿತು. ಈ ಕರವಸ್ತ್ರ ಆಮೇಲೆ ಎಷ್ಟು ರಾತ್ರಿ ನನ್ನ ಕಣ್ಣ ಮುಂದೆ ಬಂದಿದೆಯೋ. ನಿಧಾನವಾಗಿ, ಮೊದಲ ಮಡಿಕೆ, ಎರಡನೆಯ ಮಡಿಕೆ.

ಕರೆಂಟು ಇರಲಿಲ್ಲ. ವ್ಯಾಪಾರಿ ಪ್ಲಗ್ಗು ಸಿಕ್ಕಿಸಿ, ಪೆಟ್ಟಿಗೆಯ ಸ್ವಿಚ್ಚು ಹಾಕಿಯೇ ಇಟ್ಟು, ಗಿಟಾರಿಗೆ ವೈರು ಜೋಡಿಸಿದ. "ಬಂದ ಕೂಡಲೇ ಹೊಡೀರಿ ಮಾಸ್ತರ, ನನಗ ಊರಿಗೆ ಹೋಗಬೇಕು." ಮಾಮ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದ. ಫರಸಿಯ ಮೇಲೆ ಒದ್ದೆ ಹೆಜ್ಜೆ ಮೂಡಿದವು. ಬಗ್ಗಿ ಪೆಡಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಏನ್ ಮಾಸ್ತರ, ಪೂಜಾಕ್ಕ ಕುಂದರ್ತೀರೇನು?" ಎಂದು ವ್ಯಾಪಾರಿ ನಕ್ಕ. ಅವನ ನೋಟ ಮಾಮನ ಹಸಿ ಪಾದದ ಮೇಲಿತ್ತು. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅವನು ನೋಡಿದ, ಆಮೇಲೆ ಹಿಂದೆ ಸರಿದು ಸ್ವಿಚ್ ಬೋರ್ಡಿನ ಪಕ್ಕ ಗೋಡೆಗೆ ಒರಗಿ ನಿಂತ.

ಮಾಮ ಸ್ಟೂಲಿನ ಮೇಲೆ ಕುಳಿತ. ಎಡಗಾಲಿನ ಬೆರಳು ಪೆಡಲಿನ ಮೇಲೆ, ಹಿಮ್ಮಡಿ ನೆಲದ ಮೇಲೆ. ಉಕ್ಕಿನ ತುಂಡನ್ನು ತಂತಿಗಳ ಮೇಲಿಟ್ಟು ಕಾದ. ಮೂರು ಹತ್ತು. ತಲೆಯ ಮೇಲಿನ ಫ್ಯಾನು ತಿರುಗಿತು. ಓಣಿಯ ಹುಡುಗರು "ಬಂತೂ" ಎಂದು ಕೂಗಿದರು. ಕರೆಂಟು ಬಂದಾಗ ನಾವೆಲ್ಲ ಮಾಡುವಂತೆ ಅತ್ತೆಯೂ ನಾನೂ ತಲೆ ಎತ್ತಿ ಫ್ಯಾನನ್ನು ನೋಡಿದೆವು. ಆ ಗಳಿಗೆಯಲ್ಲಿ ಯಾರೂ ಮಾಮನನ್ನು ನೋಡುತ್ತಿರಲಿಲ್ಲ.

ಮೊದಲು ಗುಂಯ್ ಎನ್ನುವ ಸದ್ದು. ಅದರೊಳಗಿಂದ ಒಂದು ಸ್ವರ ಎದ್ದಿತು, ನಡುಗುವ ಸ್ವರ. ಅಂಥದ್ದನ್ನು ಮಾಮ ಎಂದೂ ನುಡಿಸಿರಲಿಲ್ಲ. ವ್ಯಾಪಾರಿ ತಲೆ ಓರೆ ಮಾಡಿ, ಕಣ್ಣು ಅರೆಮುಚ್ಚಿ, "ವಾ ವಾ, ಏನ್ ಕಂಪನ!" ಎಂದ. ನಾನು ಮಾಮನ ಮುಖ ನೋಡಿದೆ. ದವಡೆ ಕಚ್ಚಿಕೊಂಡಿತ್ತು. ಕಣ್ಣು ತೆರೆದೇ ಇದ್ದವು, ನನ್ನ ಕಡೆಗೇ. ಉಕ್ಕಿನ ತುಂಡು ಹಿಡಿದ ಕೈ ತಂತಿಗೆ ಅಂಟಿಕೊಂಡು ಅದುರುತ್ತಿತ್ತು. ಆ ಅದುರಾಟವೇ ಪೆಟ್ಟಿಗೆಯಿಂದ ಸಂಗೀತವಾಗಿ ಬರುತ್ತಿತ್ತು, ಆ ಮನುಷ್ಯ ಅದಕ್ಕೆ ಬೆಲೆ ಕಟ್ಟುತ್ತ ನಿಂತಿದ್ದ.

"ತಗೀರಿ! ಕರೆಂಟು ತಗೀರಿ!" ಎಂದು ಕಿರುಚಿದೆ. ಬೋರ್ಡು ಅವನ ಮೊಣಕೈ ಪಕ್ಕದಲ್ಲಿತ್ತು. ಅವನಿಗೆ ತಿಳಿಯಿತು, ಮುಖದ ಬಣ್ಣ ಹೋದದ್ದನ್ನು ಕಂಡೆ. ಆದರೆ ಅವನು ಬೋರ್ಡಿನ ಕಡೆ ಕೈ ಚಾಚಲಿಲ್ಲ, ಅದರಿಂದ ದೂರ ಸರಿದ. ನಾನು ಓಡಿ ಪ್ಲಗ್ಗಿನ ವೈರು ಹಿಡಿದು ಜಗ್ಗಿದೆ. ಸ್ವರ ಕರಗುತ್ತ ಕರಗುತ್ತ ನಿಂತಿತು. ಮಾಮ ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದ. ಉಕ್ಕಿನ ತುಂಡು ಟಣ್ಣೆಂದು ನೆಲಕ್ಕೆ ಬಿದ್ದು ಉರುಳಿತು.

ನನ್ನ ಕೈಯಲ್ಲಿ ಪ್ಲಗ್ಗಿತ್ತು. ಮೂರು ಕಾಲಿರಬೇಕಾದ ಪ್ಲಗ್ಗಿಗೆ ಎರಡೇ ಇದ್ದವು. ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ದಪ್ಪ ಕಾಲನ್ನು ಗರಗಸದಿಂದ ಕತ್ತರಿಸಿದ್ದರು. ಕತ್ತರಿಸಿದ ಜಾಗ ಹೊಳೆಯುತ್ತಿತ್ತು. ತಲೆ ಎತ್ತಿ ನೋಡಿದರೆ, ಅತ್ತೆ ಮಾಮನ ಎದೆಯ ಮೇಲೆ ಬಿದ್ದು ಹೆಸರು ಹಿಡಿದು ಕೂಗುತ್ತಿದ್ದಳು. ಜೀವಮಾನದಲ್ಲಿ ಅವಳು ಗಂಡನ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವ್ಯಾಪಾರಿ ಕೂಡ ಬಗ್ಗಿದ್ದ. ಮಾಮನನ್ನು ಎತ್ತಲು ಬಗ್ಗಿದ್ದಾನೆಂದೇ ಎಣಿಸಿದೆ. ಅವನು ಎತ್ತಿದ್ದು ಉಕ್ಕಿನ ತುಂಡನ್ನು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಲೆ ನೆಗ್ಗಿದೆಯೇ ಎಂದು ತಿರುಗಿಸಿ ನೋಡಿ, ಕರವಸ್ತ್ರದಿಂದ ಒರೆಸಿ ಗಿಟಾರಿನ ಮೇಲಿಟ್ಟ. ಆಮೇಲೆ ಬಂದು ನನ್ನ ಕೈಯಿಂದ ಪ್ಲಗ್ಗನ್ನು ಇಸಿದುಕೊಂಡ.

ಮಾಮ ಉಸಿರಾಡುತ್ತಿದ್ದ. ಗೊರಗೊರ ಎನ್ನುವ ಕೆಟ್ಟ ಉಸಿರು. ಬೆಳಗಾವಿಗೆ ಒಯ್ಯಬೇಕಿತ್ತು, ಬಾಗಿಲಲ್ಲೇ ವ್ಯಾನಿತ್ತು. "ವ್ಯಾನ್ ತಗೀರಿ" ಎಂದೆ.

"ಹಿಂದ ಜಾಗಾ ಇಲ್ಲ ತಂಗಿ, ಪೆಟ್ಟಿಗಿ ಇಡಬೇಕು. ನಾಜೂಕು ಐತಿ ಅದು."

ಪಕ್ಕದ ಮನೆಯವರ ಜೀಪಿನಲ್ಲಿ ಮಾಮನನ್ನು ಮಲಗಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು, ಎಡಗೈ ಬೆರಳುಗಳಿಂದ ಸುಟ್ಟ ಚರ್ಮದ ವಾಸನೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಇ.ಸಿ.ಜಿ.ಗೆಂದು ಮಾಮನ ಎದೆಗೆ ವೈರು ಹಚ್ಚಲು ಬಂದಾಗ ನಾನು ನರ್ಸಿನ ಕೈ ತಡೆದು, ಅದರ ಪ್ಲಗ್ಗು ತೋರಿಸಿ ಎಂದು ಜಗಳವಾಡಿದೆ. ಆಕೆ ನನಗೇ ಏನೋ ಆಗಿದೆ ಎಂದುಕೊಂಡಳು. ಜೀವಕ್ಕೆ ಅಪಾಯ ಕಳೆದಿದೆ, ಎಡಗೈಯ ಎರಡು ಬೆರಳಿಗೆ ಸ್ಪರ್ಶ ಬರುವುದು ತಡವಾಗಬಹುದು ಎಂದು ಮರುದಿನ ಡಾಕ್ಟರು ಹೇಳಿದರು.

ಅದೇ ಮರುದಿನ ವ್ಯಾಪಾರಿ ಬಂದ. ಒಂದು ಕೈಯಲ್ಲಿ ಮೋಸಂಬಿ ಹಣ್ಣಿನ ಚೀಲ. ಇನ್ನೊಂದು ಕೈಯಲ್ಲಿ ಉದ್ದನೆಯ ಕರಿ ಪೆಟ್ಟಿಗೆ, ಒಳಗೆ ಮಖಮಲ್ಲು ಹಾಸಿದ್ದು. ಗಿಟಾರು ಇಟ್ಟು ಒಯ್ಯುವ ಪೆಟ್ಟಿಗೆ. ಅದನ್ನು ರೋಗಿಯ ಮಂಚದ ಪಕ್ಕ ಗೋಡೆಗೆ ನಿಲ್ಲಿಸಿದ. ಹೆಣದ ಅಳತೆಗೆ ಮಾಡಿಸಿದಂತಿತ್ತು.

"ವೈನಿ, ಹಾವಿನಂಥಾದ್ದನ್ನ ಮನ್ಯಾಗ ಇಟ್ಕೋಬ್ಯಾಡ್ರಿ" ಎಂದು ಅತ್ತೆಗೆ ಕೈ ಮುಗಿದ. "ಜೀವಾ ತಗೊಳ್ಳೂ ವಾದ್ಯ ಅದು. ಸುದ್ದಿ ಹಬ್ಬಿದ್ರ ಯಾರೂ ಮುಟ್ಟೂದಿಲ್ಲ. ನಾ ಒಯ್ದು ಒಂದು ಕಡೆ ಹಾಕ್ತೀನಿ. ಸೈಕಲ್ಲಿಂದು ಬ್ಯಾಡ, ಗುಜರಿ ರೇಟಿನ ಮ್ಯಾಲ ಏನರ ಕೊಡ್ತೀನಿ."

ಅತ್ತೆ ರಾತ್ರಿಯಿಡೀ ಅತ್ತು ಬತ್ತಿ ಹೋಗಿದ್ದಳು. "ಒಯ್ಯಿರಿ. ಪುಕ್ಕಟ ಒಯ್ಯಿರಿ. ಅದರ ಮಾರಿ ನೋಡೂದು ಬ್ಯಾಡ ನನಗ" ಎಂದಳು. ಅವನ ಕೈ ಆಗಲೇ ಪೆಟ್ಟಿಗೆಯ ಹಿಡಿಕೆಯ ಮೇಲಿತ್ತು.

ಮಾಮ ದಿಂಬಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಮಾತು ನನ್ನ ಬಾಯಿಂದ ಬಂತು. "ಗಿಟಾರ್ ಆಮ್ಯಾಲ. ನಿಮ್ಮ ಆಂಪ್ಲಿಫೈಯರ್ ಇಲ್ಲೇ ತರ್ರಿ. ಪ್ಲಗ್ಗು ಹಾಕಿ, ಬೂಟು ಬಿಚ್ಚಿ, ಕಾಲು ತೊಕ್ಕೊಂಡು, ಕರವಸ್ತ್ರ ಇಲ್ಲದ ಒಮ್ಮೆ ಮುಟ್ಟಿ ತೋರಸ್ರಿ."

"ಕಾಲೇಜು ಕಲತವರು ಹಿಂಗ ಮಾತಾಡಬಾರದು ತಂಗಿ."

"ಮುಟ್ಟತೀರೋ ಇಲ್ಲೋ?"

ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬಾಯಿ ಬಿಟ್ಟ. "ನಾ ಯಾವಾಗ್ಲೂ ಬೂಟು ಹಾಕ್ಕೊಂಡೇ ಮುಟ್ಟತೀನಿ. ಎಲ್ಲಾರೂ ಹಂಗ ಮಾಡ್ತಾರ. ನಿಮ್ಮ ಮಾಮಾ ಕಾಲು ತೊಕ್ಕೊಂಡು ಕುಂದರ್ತಾರಂತ ನನಗೇನ್ ಕನಸು ಬಿದ್ದಿತ್ತೇನು?"

"ನೋಡಿದಿ" ಎಂದಿತು ಮಂಚದಿಂದ ಒಂದು ದನಿ. ಮಾಮ ಕಣ್ಣು ತೆರೆದಿದ್ದ. "ನಿಂತು ನೋಡಿ ನಕ್ಕಿ. ಪೂಜಾಕ್ಕ ಕುಂದರ್ತೀರೇನು ಅಂದಿ."

ಮಾಮ ನನ್ನ ಕಡೆ ತಿರುಗಿದ. "ಯವ್ವಾ, ನಾ ಬಿದ್ದ ಮ್ಯಾಲ ಈತ ಮೊದಲ ಏನ್ ಎತ್ತಿದಾ?"

"ಉಕ್ಕಿನ ತುಂಡು, ಮಾಮಾ. ಬೆಳಕಿಗೆ ಹಿಡದು ನೋಡಿದ್ರು."

ಮಾಮ ಅತ್ತೆಯ ಕಡೆ ನೋಡಿದ. ಒಣಗಿದ ತುಟಿಯಲ್ಲಿ ಸ್ವಲ್ಪ ನಗು ಬಂದಿತ್ತು. "ಕೇಳಿದ್ಯಾ? ಇಷ್ಟ್ ವರ್ಷ ಕೇಳಾಕತ್ತಿದ್ದಿ, ಕಿಮ್ಮತ್ತು ಎಷ್ಟು, ಕಿಮ್ಮತ್ತು ಎಷ್ಟು ಅಂತ. ಒಂದ್ ಮನುಷ್ಯಾನ ಜೀವಕ್ಕಿಂತ ಹೆಚ್ಚು. ಈ ಸಾವ್ಕಾರ್ರು ತೂಗಿ ಹೇಳ್ಯಾರ. ಗುಜರಿಗೆ ಹಾಕಾಕ ಯಾರರ ಮಖಮಲ್ಲಿನ ಪೆಟ್ಟಿಗಿ ತರತಾರೇನು?"

ಅತ್ತೆ ನಗಲಿಲ್ಲ. ಗೋಡೆಗೆ ನಿಂತಿದ್ದ ಕರಿ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಮೋಸಂಬಿಯ ಚೀಲವನ್ನು ವ್ಯಾಪಾರಿಯ ಕೈಗೆ ಸಿಕ್ಕಿಸಿ, "ನಡೀರಿ" ಎಂದಳು. ಅವನು ಪೆಟ್ಟಿಗೆಯನ್ನು ಬಾಗಿಲಿಗೆ ಬಡಿಸಿಕೊಳ್ಳುತ್ತ ಹೊರಟ. ಹೊಸ್ತಿಲು ದಾಟುವಾಗ ತಿರುಗಿ, ಸೈಕಲ್ಲಿಗಿಂತ ಹೆಚ್ಚಿನ ಒಂದು ಬೆಲೆ ಹೇಳಿದ. ಕಾರಿಡಾರಿನಲ್ಲಿ ನಿಂತು ಇನ್ನೂ ಹೆಚ್ಚಿನ ಬೆಲೆ ಹೇಳಿದ. ಆ ಎರಡನೆಯ ಬೆಲೆಯಷ್ಟು ಹೇಸಿಗೆ ಹುಟ್ಟಿಸಿದ ಮಾತನ್ನು ನಾನು ಬೇರೆ ಕೇಳಿಲ್ಲ.

ಮಾಮ ಮನೆಗೆ ಹೋದ. ನನ್ನ ನಿದ್ದೆ ಮಾತ್ರ ಹಾರಿಹೋಯಿತು. ಕಾರ್ಖಾನೆಯಲ್ಲಿ ಮೋಟರು ಗುಂಯ್ ಎಂದರೆ ಸಾಕು, ಕೈಯಿಂದ ಪೆನ್ನು ಬೀಳುತ್ತಿತ್ತು. ಮನೆಯಲ್ಲಿ ಮಲಗುವ ಮೊದಲು ಟಿ.ವಿ., ಇಸ್ತ್ರಿಪೆಟ್ಟಿಗೆ, ಟೇಪ್ ರೆಕಾರ್ಡರ್ ಎಲ್ಲದರ ಪ್ಲಗ್ಗು ಕಿತ್ತಿಡುತ್ತಿದ್ದೆ, ಅದೂ ಚಪ್ಪಲಿ ಹಾಕಿಕೊಂಡು. ಅವ್ವ ದೇವರ ಮನೆಯ ಹತ್ತಿರ ಚಪ್ಪಲಿ ಬೇಡ ಎಂದು ಬೈದಳು, ಆಮೇಲೆ ಬೈಯುವುದನ್ನೂ ಬಿಟ್ಟಳು. ಕಣ್ಣು ಮುಚ್ಚಿದರೆ ಮೂರು ಹತ್ತು. ಫ್ಯಾನು ತಿರುಗುತ್ತದೆ, ನಾನು ಮೇಲೆ ನೋಡುತ್ತೇನೆ, ನಡುಗುವ ಸ್ವರ ಏಳುತ್ತದೆ. ಆ ಮನುಷ್ಯನನ್ನು ಬೈಯಲು ಶಬ್ದ ಹುಡುಕುತ್ತ ಬೆಳಗಾಗುತ್ತಿತ್ತು. ಅವನು ಕೊಲ್ಲಲು ಬಂದಿರಲಿಲ್ಲ, ನನಗೆ ಗೊತ್ತು. ಪ್ಲಗ್ಗು ಸರಿ ಮಾಡಿಸಲು ಬೇಸರ, ಅಷ್ಟೆ. ತನ್ನ ಕಾಲಿಗೆ ಬೂಟಿತ್ತು, ಅಷ್ಟೆ. ಆ ಅಷ್ಟೆ ಎಂಬುದೇ ನನಗೆ ಇವತ್ತಿಗೂ ಗಂಟಲಿಗಿಳಿಯುವುದಿಲ್ಲ.

ಶಿವರಾತ್ರಿಗೆ ಅತ್ತೆ ಕರೆದಳು. ಹೋಗಿ ನೋಡಿದರೆ ಗಿಟಾರು ಮೊದಲಿನ ಜಾಗದಲ್ಲೇ ನಿಂತಿತ್ತು. ಪಟ್ಟಿಯ ಮೇಲಿನ ಎಂಜಲನ್ನು ಹುಣಸೆಹಣ್ಣು ಹಚ್ಚಿ ತೊಳೆದಿದ್ದರು. ಮಾರುವ ಮಾತು ಯಾರೂ ಎತ್ತಲಿಲ್ಲ. ಕೆಳಗೆ, ಪೆಡಲುಗಳ ಹಿಂದೆ, ಊಟಕ್ಕೆ ಕೂರುವ ಕಟ್ಟಿಗೆಯ ಮಣೆ ಹಾಸಿತ್ತು. ಮಣೆಯ ಮೇಲೆ ಒಂದು ಜೊತೆ ಹೊಸ ರಬ್ಬರ್ ಚಪ್ಪಲಿ. ಚಪ್ಪಲಿಗೂ ಅತ್ತೆ ವಿಭೂತಿ ಹಚ್ಚಿದ್ದಳು.

ರಾತ್ರಿ ಪೂಜೆ ಮುಗಿದ ಮೇಲೆ ಮಾಮ ಅಭ್ಯಾಸಬಲದಿಂದ ಬಚ್ಚಲ ಕಡೆ ಹೊರಟ.

"ಎಲ್ಲಿ ಹೊಂಟ್ರಿ? ಚಪ್ಪಲ್ ಹಾಕ್ಕೋರಿ."

"ಶಿವರಾತ್ರಿ ದಿವಸಾನ ಚಪ್ಪಲ್ಲಾ? ವಾದ್ಯಕ್ಕ?"

"ಇಷ್ಟ್ ವರ್ಷ ಕಾಲು ತೊಕ್ಕೊಂಡು ಏನ್ ಗಳಿಸಿದ್ರಿ? ಹಾಕ್ಕೋರಿ. ಶಿವಾ ಕೇಳಿದ್ರ ನನ್ನ ಹೆಸರು ಹೇಳ್ರಿ. ಟ್ರ್ಯಾಕ್ಟರ್ ಕಿಮ್ಮತ್ತಿನ ಸವತಿ, ಕೆಡಸಬ್ಯಾಡ್ರಿ."

ಮಾಮ ಅವಳನ್ನೇ ನೋಡಿದ. ಚಪ್ಪಲಿಯೊಳಗೆ ಕಾಲಿಟ್ಟ. ಬಗ್ಗಿ ಪೆಡಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ.

ವೈರಿಲ್ಲ, ಪೆಟ್ಟಿಗೆಯಿಲ್ಲ. ಹಾಗೆ ನುಡಿಸಿದರೆ ಅದರ ದನಿ ಬಹಳ ಸಣ್ಣದು, ಪಕ್ಕದಲ್ಲಿ ಕುಳಿತವರಿಗಷ್ಟೇ ಕೇಳುತ್ತದೆ. ಮರಗಟ್ಟಿದ ಎರಡು ಬೆರಳು ಉಕ್ಕನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ನೋಯುವ ಮೊಣಕಾಲು ಸನ್ನೆಗೆ ತಾಕಿದಾಗ ಮಾಮ ಹಲ್ಲು ಕಚ್ಚುತ್ತಿದ್ದ. ಸ್ವರ ಅಲ್ಲಲ್ಲಿ ಜಾರಿತು. ಆದರೆ ನಡುಗಲಿಲ್ಲ. ನಾನು ಗೋಡೆಗೆ ಒರಗಿ, ಅವನ ಕಾಲಿನ ರಬ್ಬರನ್ನೇ ನೋಡುತ್ತ ಕುಳಿತಿದ್ದೆ.

ಅತ್ತೆ ಭುಜ ಹಿಡಿದು ಅಲ್ಲಾಡಿಸಿದಾಗ ಅಂಗಳದಲ್ಲಿ ಬಿಸಿಲಿತ್ತು. ಮೈಮೇಲೆ ಯಾರೋ ಕೌದಿ ಹೊದಿಸಿದ್ದರು.

"ಊರಿಗೆ ಊರೇ ಜಾಗರಣಿ ಮಾಡ್ತು" ಎಂದಳು ಅತ್ತೆ. "ನೀ ಒಬ್ಬಾಕಿ ಗೊರಕಿ ಹೊಡದಿ. ಏಳು, ಶಿವಗ ಏನ್ ಹೇಳ್ತಿ ಹೇಳು."